ಶೋಲೆಟ್‌ಗೆ ಕುಕ್ಕರ್ ಬೇಡ, ಓವನ್ನಿನಲ್ಲಿ ಒಂದು ರಾತ್ರಿ ಬಿಡಿ

ಬೀನ್ಸ್ ಕಾಳು, ಬಾರ್ಲಿ, ಬಾತುಕೋಳಿ ಸೇರಿಸಿ ನಿಧಾನಕ್ಕೆ ಬೇಯಿಸುವ ಹಂಗೇರಿಯ ಅಡುಗೆ ಶೋಲೆಟ್. "ಕುಕ್ಕರಿನಲ್ಲಿ ನಾಲ್ಕು ವಿಷಲ್ ಹಾಕಿದ್ರೆ ಮುಗೀತು, ರಾತ್ರಿಯಿಡೀ ಯಾಕೆ?" ಎಂದು ಬುಡಾಪೆಸ್ಟಿನ ಕನ್ನಡದ ಗೆಳೆಯರೆಲ್ಲ ಹೇಳಿದ್ದರು. ಬಾರ್ಲಿ ಗಂಜಿ ಆಗುತ್ತೆ ಅಂತಲೂ ಅವರೇ ಹೆದರಿಸಿದ್ದರು. ಈಗ ಅವರೇ ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಾರೆ.

ಕುಕ್ಕರಿನಲ್ಲೂ ನೋಡಿದ್ದೆ. ಕಾಳು ಬೇಯುವಷ್ಟರಲ್ಲಿ ಬಾರ್ಲಿ ಕರಗಿ ಅಂಟಾಯಿತು, ವಿಷಲ್ ಕಟ್ಟಿಕೊಂಡಿತು, ತಳ ಹಿಡಿಯಿತು. ಬೇರೆ ಬೇರೆ ಬೇಯಿಸಿ ಬೆರೆಸಿದರೆ ಕಾಳಿನ ರಸ ಬಾರ್ಲಿಗೆ ಇಳಿಯುವುದೇ ಇಲ್ಲ. ಟೊಮೆಟೊ ಮೊದಲೇ ಹಾಕಿದ ಸಲ ಹುಳಿಗೆ ಕಾಳು ಗಟ್ಟಿಯಾಗಿಯೇ ಉಳಿಯಿತು. ಅವತ್ತಿನ ಬಾತುಕೋಳಿ ಕಾಲಿಗೇ ಹೆಚ್ಚುಕಡಿಮೆ 4,000 ಫೋರಿಂಟ್ (ಹಂಗೇರಿಯ ದುಡ್ಡು) ಕೊಟ್ಟಿದ್ದೆ. ಹೊಟ್ಟೆ ಉರಿಯದೆ ಇರುತ್ತಾ?

ದಾರಿ ಸಿಕ್ಕಿದ್ದು ಹಳೇ ಪದ್ಧತಿಯಲ್ಲೇ. ಶೋಲೆಟ್ ಇಲ್ಲಿನ ಯಹೂದಿಗಳ ಅಡುಗೆ. ಶನಿವಾರ ಸಬ್ಬತ್, ಅಂದರೆ ಅವರ ವಿಶ್ರಾಂತಿಯ ಪವಿತ್ರ ದಿನ, ಬೆಂಕಿ ಹಚ್ಚುವ ಹಾಗಿಲ್ಲ. ಶುಕ್ರವಾರವೇ ಪಾತ್ರೆಯನ್ನು ಬೇಕರಿ ಒಲೆಯಲ್ಲಿ ಇಟ್ಟು ಮರುದಿನ ಮಧ್ಯಾಹ್ನ ತರುತ್ತಿದ್ದರು. ರೊಟ್ಟಿ ಸುಟ್ಟ ಒಲೆ ರಾತ್ರಿಯೆಲ್ಲ ನಿಧಾನಕ್ಕೆ ಆರುತ್ತಿತ್ತು, ಅಲ್ವಾ? ನಾನೂ ಶಾಖ ಇಳಿಸುತ್ತಾ ಹೋದೆ. ಮೊದಲು 150 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ ಬೆಳಗಿನವರೆಗೆ 110.

ಅಳತೆ ಕಣ್ಣಂದಾಜು. ನೆನೆಸಿದ ಬಿಳಿ ಬೀನ್ಸ್ ಕಾಳು, ಒಣಗಿದ್ದಾಗ ಅರ್ಧ ಕಿಲೋ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಹತ್ತು ನಿಮಿಷ ಕುದಿಸಲೇಬೇಕು, ಇಲ್ಲದಿದ್ದರೆ ಹೊಟ್ಟೆ ಕೆಡುತ್ತೆ. ಬಾರ್ಲಿ 150 ಗ್ರಾಂ ಇರಬಹುದು, ಇಲ್ಲಿ ಅದನ್ನು ಗೆರ್ಶ್ಲಿ ಅಂತಾರೆ. ಬಾತು ಕೊಬ್ಬಿನಲ್ಲಿ ಮೂರು ಈರುಳ್ಳಿ ಬಾಡಿಸಿ, ಒಲೆಯಿಂದ ಇಳಿಸಿಯೇ ಪ್ಯಾಪ್ರಿಕಾ (ಇಲ್ಲಿನ ಕೆಂಪು ಮೆಣಸಿನ ಪುಡಿ) ಹಾಕಬೇಕು. ಉರಿಯ ಮೇಲೆ ಹಾಕಿದರೆ ಕ್ಷಣದಲ್ಲಿ ಸೀದು ಕಹಿ. ಆಮೇಲೆ ಕಾಳು, ಬಾರ್ಲಿ, ಬೆಳ್ಳುಳ್ಳಿ, ಉಪ್ಪು, ಬಾತು ಕಾಲು, ಚಿಪ್ಪು ಸಮೇತ ಮೊಟ್ಟೆ. ಕುದಿನೀರು ಎರಡು ಬೆರಳು ಮೇಲಕ್ಕೆ ಬರಲಿ. ಮುಚ್ಚಳ ಬಿಗಿ. ಸೌಟು ಹಾಕಲೇಬೇಡಿ, ಕಲಕಿದರೆ ಬಾರ್ಲಿ ಹಿಟ್ಟು ಬಿಟ್ಟು ತಳ ಹಿಡಿಯುತ್ತೆ.

ಪ್ಯಾಪ್ರಿಕಾ ಸಿಹಿಯದ್ದು, ಕಲೋಚಾ ಅಥವಾ ಸೆಗೆಡ್ ಕಡೆಯದ್ದು ತಗೊಳ್ಳಿ. ದೊಡ್ಡ ಮಾರ್ಕೆಟ್ಟಿನಲ್ಲಿ ಪ್ರವಾಸಿಗಳಿಗೆಂದು ಪುಟ್ಟ ಬಟ್ಟೆ ಚೀಲದಲ್ಲಿ ಮಾರುವುದಕ್ಕೆ ದುಡ್ಡು ಸುರಿಯಬೇಡಿ. ಒಮ್ಮೆ ಅರ್ಧ ಪ್ಯಾಪ್ರಿಕಾ, ಅರ್ಧ ಊರಿನ ಬ್ಯಾಡಗಿ ಪುಡಿ ಹಾಕಿ ನೋಡಿದೆ. ಬಣ್ಣ ಭರ್ಜರಿ, ಆದರೆ ರುಚಿ ಸಾರಿನ ಕಡೆ ವಾಲಿತು. ಬಾರ್ಲಿ ಬದಲು ಜೋಳವನ್ನೂ ಹಾಕಿದ್ದೆ. ಕಚ್ಚಲು ಚೆನ್ನಾಗಿತ್ತು, ರಸ ಮಾತ್ರ ಗಟ್ಟಿಯಾಗಲಿಲ್ಲ. ಮಾಂಸ ತಿನ್ನದವರಿಗೆ ಬೆಣ್ಣೆಯಲ್ಲಿ ಮಾಡಿ, ಹೊಗೆ ಹಾಕಿದ ಪ್ಯಾಪ್ರಿಕಾ ಸ್ವಲ್ಪ ಬೆರೆಸಿದೆ. ಅದಕ್ಕೂ ಪಾತ್ರೆ ಖಾಲಿ.

ಬೆಳಿಗ್ಗೆ ಮುಚ್ಚಳ ತೆಗೆದಾಗ ಅಂಚಿನ ಸುತ್ತ ಕೆಂಪು ಕೊಬ್ಬಿನ ಗೆರೆ, ಮೇಲೆ ತೆಳ್ಳನೆ ಕಂದು ಪದರ. ಕಾಳಿನ ಸಿಪ್ಪೆ ಒಡೆದಿರುವುದಿಲ್ಲ, ನಾಲಿಗೆಯಲ್ಲಿ ಒತ್ತಿದರೆ ಬೆಣ್ಣೆ. ಬಾರ್ಲಿ ಉಬ್ಬಿ ಬಿಡಿಬಿಡಿಯಾಗಿರುತ್ತೆ. ಮೊಟ್ಟೆಯ ಬಿಳಿ ಭಾಗ ತಿಳಿ ಕಂದು.

ಖರ್ಚು ಹೇಳಬೇಕಂದರೆ ಕರೆಂಟು ಸೇರಿ 7,000 ಫೋರಿಂಟ್ ಆಸುಪಾಸು ಆಗಿತ್ತು, ಆರು ಜನಕ್ಕೆ ಹೊಟ್ಟೆ ತುಂಬಾ. ಉಳಿದದ್ದು ಮರುದಿನ ಗಟ್ಟಿಯಾಗುತ್ತೆ, ಬಿಸಿನೀರು ಸೇರಿಸಿ ಮುಚ್ಚಿಟ್ಟು ಬಿಸಿ ಮಾಡಿ. ಉಪ್ಪಿನಕಾಯಿ ಸೌತೆ ಪಕ್ಕಕ್ಕಿರಲಿ.