ಇಯರ್‌ಫೋನ್ ವಾಲ್ಯೂಮ್ ಎಷ್ಟಿಡಬೇಕು? ನಿಶ್ಶಬ್ದ ಕೋಣೆಯಲ್ಲಿ ಮೊದಲೇ ತೀರ್ಮಾನಿಸಿ

ಮಗಳಿಗೆ ಜ್ವರ ಬಂದಿತ್ತು. ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿಟ್ಟು ಪಕ್ಕದಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ "ಅಪ್ಪಾ, ಆಗ್ಲೇ ಬೀಪ್ ಆಯ್ತಲ್ಲ, ತೆಗಿಯಪ್ಪಾ" ಅಂದಳು. ನನಗೆ ಏನೂ ಕೇಳಿಸಿರಲಿಲ್ಲ. ಕಿವಿ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದೆ, ಆಗ ಸಣ್ಣಗೆ ಕೇಳಿಸಿತು.

ಮುಂದಿನ ವಾರವೇ ಕಿವಿ ಪರೀಕ್ಷೆಗೆ ಹೋದೆ. ಸದ್ದು ಒಳಗೆ ಬರದ ಚಿಕ್ಕ ಕೋಣೆ, ಕಿವಿಗೆ ಹೆಡ್‌ಫೋನ್, ಕೈಯಲ್ಲೊಂದು ಬಟನ್. ಸದ್ದು ಕೇಳಿಸಿದಾಗೆಲ್ಲ ಒತ್ತಬೇಕು, ಅಷ್ಟೇ. ಕೊನೆಗೆ ಕೊಟ್ಟ ಗ್ರಾಫ್‌ನಲ್ಲಿ ಗೆರೆ ಚೆನ್ನಾಗಿಯೇ ಸಾಗಿ 4000 ಹರ್ಟ್ಸ್ ಹತ್ತಿರ, ಅಂದರೆ ತೀಕ್ಷ್ಣವಾದ ಸದ್ದುಗಳ ಜಾಗದಲ್ಲಿ, ಹಳ್ಳಕ್ಕೆ ಬಿದ್ದಂತೆ ಕೆಳಗಿಳಿದಿತ್ತು. ಜೋರು ಸದ್ದಿನಿಂದ ಕಿವಿ ಕೆಟ್ಟಾಗ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳೋದು ಅಲ್ಲೇ. ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡುವಾಗ, ಇಂಜಿನ್ ಸದ್ದಿಗಿಂತ ಜೋರಾಗಿ ಹಾಡು ಹಾಕಿಕೊಂಡು ಕೂತಿದ್ದರ ಫಲ ಇದು.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಒಂದು ಭಾಗ ಇದೆ. ಅದರೊಳಗೆ ಸುಮಾರು 15,000 ಕೋಶಗಳು, ಒಂದೊಂದರ ತಲೆಯ ಮೇಲೂ ಕೂದಲಿನಂಥ ಸಣ್ಣ ಎಳೆಗಳು. ಸದ್ದು ಬಂದಾಗ ಈ ಎಳೆಗಳು ಬಾಗುತ್ತವೆ, ಅದರಿಂದಲೇ ಮೆದುಳಿಗೆ ಸುದ್ದಿ ಹೋಗುತ್ತದೆ. ಜೋರು ಸದ್ದು ಜಾಸ್ತಿ ಹೊತ್ತು ಬಡಿದರೆ ಕೋಶಗಳು ಸೋಲುತ್ತವೆ, ಆಮೇಲೆ ಸಾಯುತ್ತವೆ. ಹಕ್ಕಿಗಳಲ್ಲಿ ಇವು ಮತ್ತೆ ಹುಟ್ಟುತ್ತವೆ. ಮನುಷ್ಯರಲ್ಲಿ ಹುಟ್ಟೋದಿಲ್ಲ.

ಇನ್ನೊಂದು ತೊಂದರೆ ಏನಂದ್ರೆ, ಮೊದಲು ಹೋಗೋದು ತೀಕ್ಷ್ಣವಾದ ಸದ್ದುಗಳು. ಅ, ಆ, ಓ ಇಂಥ ಸ್ವರಗಳು ಚೆನ್ನಾಗೇ ಕೇಳಿಸುತ್ತವೆ. ಸ, ಶ, ಚ ಇಂಥವು ಮಸುಕಾಗುತ್ತವೆ. ಹಾಗಾಗಿ ಎದುರಿಗಿರುವವರು ಮಾತಾಡಿದ್ದು ಕೇಳಿಸುತ್ತೆ, ಆದರೆ ಏನಂದರು ಅಂತ ಗೊತ್ತಾಗಲ್ಲ. ಅವರು ಸರಿಯಾಗಿ ಉಚ್ಚರಿಸ್ತಿಲ್ಲ ಅಂತಲೇ ಬಹಳ ದಿನ ಅಂದುಕೊಂಡಿರುತ್ತೇವೆ!

ಹಾಗಾದರೆ ಎಷ್ಟು ಕೇಳಬಹುದು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ ವಾರಕ್ಕೆ 40 ಗಂಟೆ, 80 ಡೆಸಿಬೆಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ). ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬೆಲ್. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್ ಅನ್ನೋದು ನೆನಪಿರಲಿ. ಸದ್ದು 3 ಡೆಸಿಬೆಲ್ ಏರಿದಾಗೆಲ್ಲ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ, 95ಕ್ಕೆ ಒಂದೂಕಾಲು ಗಂಟೆ. ಇದೆಲ್ಲ ದಿನಕ್ಕಲ್ಲ, ಇಡೀ ವಾರಕ್ಕೆ. ಎಷ್ಟೋ ಫೋನುಗಳು ಪೂರ್ತಿ ವಾಲ್ಯೂಮಿನಲ್ಲಿ 100ರ ಆಸುಪಾಸು ಮುಟ್ಟುತ್ತವೆ. ಅಷ್ಟು ಜೋರಿನಲ್ಲಿ ನಾಲ್ಕೈದು ಹಾಡು ಕೇಳಿದರೆ ವಾರದ ಪಾಲು ಮುಗಿದೇ ಹೋಯ್ತು.

ಈಗ ಮಾಡಬೇಕಾದ್ದಕ್ಕೆ ಬರೋಣ. ಇವತ್ತು ರಾತ್ರಿ ಮನೆ ಎಲ್ಲ ಸದ್ದಡಗಿದ ಮೇಲೆ ಕೂತು ಇಯರ್‌ಫೋನ್ ಹಾಕಿಕೊಳ್ಳಿ. ವಾಲ್ಯೂಮ್ ಸೊನ್ನೆಗೆ ಇಳಿಸಿ. ನೀವು ದಿನಾ ಕೇಳುವ ಹಾಡೋ ಮಾತೋ ಹಾಕಿ, ಒಂದೊಂದೇ ಗೆರೆ ಏರಿಸುತ್ತಾ ಬನ್ನಿ. ಮಾತು ಸ್ಪಷ್ಟವಾಗಿ ಅರ್ಥವಾಯ್ತು ಅನ್ನಿಸಿದ ತಕ್ಷಣ ನಿಲ್ಲಿಸಿ. ಇನ್ನೊಂಚೂರು ಇದ್ದರೆ ಚೆನ್ನ ಅನ್ನಿಸುತ್ತೆ ಅಲ್ವಾ, ಅದಕ್ಕೆ ಕೈ ಹಾಕಬೇಡಿ. ಹತ್ತು ನಿಮಿಷ ಹಾಗೇ ಕೇಳಿ, ಕಿವಿ ಒಗ್ಗಿಕೊಳ್ಳುತ್ತೆ. ಎಷ್ಟನೇ ಗೆರೆಗೆ ನಿಂತಿದೆ ಅಂತ ನೋಡಿಟ್ಟುಕೊಳ್ಳಿ. ಅದೇ ನಿಮ್ಮ ಗಡಿ. ಹೊರಗಡೆ ಗದ್ದಲದಲ್ಲೂ ಅದನ್ನು ದಾಟಬೇಡಿ.

ದಾಟಬೇಡಿ ಅಂದರೆ ಸಾಲದು, ನನಗೆ ಗೊತ್ತು. ಬಸ್ಸು, ರೈಲಿನಲ್ಲಿ ಬೆರಳು ತಾನಾಗೇ ಬಟನ್ ಮೇಲೆ ಹೋಗುತ್ತೆ. ಅದಕ್ಕೇ ಫೋನಿನಲ್ಲೇ ಬೀಗ ಹಾಕಿಡಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ಸ್ ಒಳಗೆ ಹೆಡ್‌ಫೋನ್ ಸೇಫ್ಟಿ ಅಂತ ಇದೆ, ಅಲ್ಲಿ ಡೆಸಿಬೆಲ್ ಮಿತಿ ಇಟ್ಟುಬಿಡಬಹುದು, ಜೊತೆಗೆ ನೀವು ಎಷ್ಟು ಸದ್ದಿನಲ್ಲಿ ಕೇಳಿದ್ದೀರಿ ಅಂತ ಹೆಲ್ತ್ ಆ್ಯಪ್ ಲೆಕ್ಕವನ್ನೂ ಇಡುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಅಂತ ಇದೆ, ಅದಕ್ಕೆ ಪಿನ್ ಕೂಡ ಹಾಕಬಹುದು. ಬೇರೆ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಅಂತ ಹುಡುಕಿ ನೋಡಿ. ಮಕ್ಕಳ ಕೈಗೆ ಕೊಡುವ ಫೋನಿಗಂತೂ ಇದನ್ನು ಮೊದಲು ಮಾಡಿ.

ಹೊಸದು ಕೊಳ್ಳುವವರಿದ್ದರೆ ಬಾಸ್ ಎಷ್ಟಿದೆ ಅಂತ ನೋಡುವ ಮುಂಚೆ ಹೊರಗಿನ ಸದ್ದನ್ನು ಎಷ್ಟು ತಡೆಯುತ್ತೆ ಅಂತ ನೋಡಿ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ ಇದ್ದರೇ ಬಹಳಷ್ಟು ಗದ್ದಲ ಕಡಿಮೆಯಾಗುತ್ತೆ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಇಂಜಿನ್‌ನ ಗುಂಯ್‌ಗುಡುವಿಕೆ ಇನ್ನೂ ತಗ್ಗುತ್ತೆ, ಆಗ ನಿಮ್ಮ ಗಡಿಯೊಳಗೇ ಆರಾಮಾಗಿ ಕೇಳಬಹುದು. ಆದರೆ ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಅದನ್ನು ಕಿವಿಯಿಂದ ತೆಗೆಯಲೇಬೇಕು, ಹಿಂದೆ ಬರುವ ಗಾಡಿಯ ಸದ್ದು ಗೊತ್ತಾಗಲ್ಲ.

ನಡುನಡುವೆ ಕಿವಿಗೆ ಬಿಡುವು ಕೊಡಿ. ಹಾಡು ಕೇಳುತ್ತಾ ಮಲಗುವ ಅಭ್ಯಾಸ ಇದ್ದರೆ ಸ್ಲೀಪ್ ಟೈಮರ್ ಹಾಕಿ. ಇಯರ್‌ಬಡ್ ತುದಿಯನ್ನು ಆಗಾಗ ಒರೆಸಿಡಿ, ಇನ್ನೊಬ್ಬರದ್ದನ್ನು ಹಾಕಿಕೊಳ್ಳಬೇಡಿ. ಗುಗ್ಗೆ ತೆಗೆಯೋಕೆ ಹತ್ತಿ ಕಡ್ಡಿ ಬೇಡವೇ ಬೇಡ, ಅದು ಗುಗ್ಗೆಯನ್ನು ಇನ್ನೂ ಒಳಗೆ ತಳ್ಳುತ್ತೆ.

ಜೋರು ಸದ್ದಿನಿಂದ ಹೊರಬಂದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ, ಹತ್ತಿ ತುರುಕಿದ ಹಾಗಾದರೆ, ಅದು ಮಿತಿ ಮೀರಿದ್ದರ ಗುರುತು. ಮರುದಿನಕ್ಕೆ ಸರಿಹೋಗಬಹುದು, ಆದರೂ ಒಂದೆರಡು ದಿನ ಇಯರ್‌ಫೋನ್ ಮುಟ್ಟಬೇಡಿ. ಪದೇ ಪದೇ ಹಾಗೆ ಆಗುತ್ತಿದ್ದರೆ, ಟಿವಿ ಸದ್ದು ಜಾಸ್ತಿ ಅಂತ ಮನೆಯವರು ಹೇಳುತ್ತಿದ್ದರೆ, ನನ್ನ ಹಾಗೆ ತಡಮಾಡದೆ ಪರೀಕ್ಷೆ ಮಾಡಿಸಿ. ನೋವೇನೂ ಇರಲ್ಲ, ಅರ್ಧ ಗಂಟೆಯ ಕೆಲಸ.

ಒಂದು ಕಿವಿ ಇದ್ದಕ್ಕಿದ್ದಂತೆ, ಬೆಳಿಗ್ಗೆ ಏಳುವಾಗಲೋ ಫೋನ್ ಕಿವಿಗಿಟ್ಟಾಗಲೋ, ಕೇಳಿಸದೆ ಹೋದರೆ ಮಾತ್ರ, "ಗುಗ್ಗೆ ಇರಬಹುದು, ನಾಳೆ ನೋಡೋಣ" ಅಂತ ಸುಮ್ನೆ ಕೂರಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಇದಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಕಿವಿ ವಾಪಸ್ ಬರುವ ಸಾಧ್ಯತೆ ಜಾಸ್ತಿ, ಎರಡು ವಾರ ದಾಟಿದರೆ ಅದು ಬಹಳ ಕಡಿಮೆಯಾಗುತ್ತೆ.