ಗವಾನ್ ಬರೆಯದ ಪತ್ರ, ನನ್ನ 'ಹ್ಯಾಡ್'

ಬೀದರ್‌ನಲ್ಲಿ ಸಂಜೆ ಹೊತ್ತು ಪಿಯುಸಿ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ವಾಕ್ಯದಲ್ಲಿ ಹೂ, ವಿಚ್, ದಟ್ ಬಂದ ಕೂಡಲೇ ಹಿಂದೆಯೇ ಒಂದು 'ಹ್ಯಾಡ್' ಸಿಕ್ಕಿಸುವುದು ನನ್ನ ಹಳೇ ಚಾಳಿ. ಹಾಗೆ ಬರೆದರೆ ಇಂಗ್ಲಿಷ್‌ಗೆ ತೂಕ ಜಾಸ್ತಿ ಅಂದುಕೊಂಡಿದ್ದೆ. ಹುಡುಗರಿಗೂ ಅದನ್ನೇ ಅಂಟಿಸಿದ್ದೆ.

ಒಮ್ಮೆ ಬಹಮನಿ ಸುಲ್ತಾನನ ಮಂತ್ರಿ ಮಹಮೂದ್ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದರಸಾ ಬಗ್ಗೆ ಬರೆಸಿದೆ. ಒಬ್ಬ ಬರೆದ: 'ದ ಮದರಸಾ ದಟ್ ಗವಾನ್ ಹ್ಯಾಡ್ ಬಿಲ್ಟ್ ಇನ್ 1472 ಈಸ್ ಇನ್ ಬೀದರ್.' ಓದಿದರೆ ಏನೋ ಕುಂಟುತ್ತಿದೆ. ಯಾಕೆ ಅಂತ ಹೇಳೋಕೆ ಮಾತ್ರ ನನಗೆ ಬರಲಿಲ್ಲ.

ರಾತ್ರಿ ಅದನ್ನೇ ಕನ್ನಡದಲ್ಲಿ ಹೇಳಿ ನೋಡಿದೆ. ಕಟ್ಟಿಸಿದ ಮದರಸಾ, ಕಟ್ಟಿಸಿದ್ದ ಮದರಸಾ. ಮುಗಿದು ಹೋದ ಸಂಗತಿ ಅಂದರೆ ನಮ್ಮ ಬಾಯಿಗೆ 'ಇದ್ದ' ತಾನಾಗಿ ಬರುತ್ತದೆ. 'ನಿನ್ನೆ ಹುಮನಾಬಾದ್‌ಗೆ ಹೋಗಿದ್ದೆ' ಅಂತೀವಲ್ವಾ? ಆ 'ಇದ್ದ'ವನ್ನೇ ಎತ್ತಿ ಹ್ಯಾಡ್ ಮಾಡಿಬಿಡುತ್ತೇವೆ. ಆದರೆ ಸಂಗತಿ ಐನೂರು ವರ್ಷ ಹಳೇದಾದರೂ ಇಂಗ್ಲಿಷ್‌ಗೆ ಲೆಕ್ಕವಿಲ್ಲ. ಹಿಂದೆ ನಡೆದ ಇನ್ನೊಂದು ಘಟನೆಯ ಮಾತು ಬಂದು, ಇದು ಅದಕ್ಕೂ ಮೊದಲೇ ಆದದ್ದಾದರೆ ಹ್ಯಾಡ್. ಮದರಸಾ ವಾಕ್ಯದಲ್ಲಿ ಅಂಥ ಘಟನೆ ಎಲ್ಲಿದೆ? ಇರುವುದು 'ಈಸ್'. 'ಬಿಲ್ಟ್' ಸಾಕು. 1472 ಅಂತ ಇಸವಿ ಕೂತಿರುವುದರಿಂದ 'ಹ್ಯಾಸ್ ಬಿಲ್ಟ್' ಕೂಡ ನಡೆಯುವುದಿಲ್ಲ.

ಮರುದಿನ ಗವಾನನ ಸಾವಿನ ಕಥೆ ತೆಗೆದೆ. ಆಗದವರು ಅವನ ಮೊಹರು ಹಾಕಿದ ಸುಳ್ಳು ಪತ್ರ ತೋರಿಸಿದರು. ಸುಲ್ತಾನ ನಂಬಿ 1481ರಲ್ಲಿ ಅವನನ್ನು ಕೊಲ್ಲಿಸಿದ. 'ದ ಸುಲ್ತಾನ್ ಕಿಲ್ಡ್ ದ ಮಿನಿಸ್ಟರ್ ಹೂ ಬಿಲ್ಟ್ ದ ಮದರಸಾ' ಅಂದರೆ ಹ್ಯಾಡ್ ಇಲ್ಲದಿದ್ದರೂ ನಡೆಯುತ್ತದೆ. ಸತ್ತ ಮೇಲೆ ಯಾರೂ ಮದರಸಾ ಕಟ್ಟಿಸಲ್ಲ, ಹಿಂದುಮುಂದು ತಾನಾಗಿ ತಿಳಿಯುತ್ತದೆ. ಹಾಕಿದರೆ ತಪ್ಪೂ ಅಲ್ಲ.

ಪತ್ರದ ವಾಕ್ಯಕ್ಕೆ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಸರ, ಗವಾನ್ ಬರೀಲಾರದ ಪತ್ರ ಅಂತೀವಲ್ರಿ, ಅದು ಯಾವ ಟೆನ್ಸು?" ಅಂದಳು.

ತಬ್ಬಿಬ್ಬಾದೆ. ನಿನ್ನೆ ಬರೆಯದ ಪತ್ರ, ನಾಳೆ ಬರೆಯದ ಪತ್ರ, ಎರಡಕ್ಕೂ ಒಂದೇ ರೂಪ. ಕಾಲವೇ ಇಲ್ಲ! ಇಂಗ್ಲಿಷ್‌ನಲ್ಲಿ ಆ ಕಾಲವನ್ನು ನಾವೇ ಹುಡುಕಿ ಹಾಕಬೇಕು. ನಂಬಿದ್ದು ಆಮೇಲೆ, ಬರೆದಿಲ್ಲ ಅನ್ನುವುದು ಅದಕ್ಕೂ ಹಿಂದಿನ ಮಾತು. ಹಾಗಾಗಿ ಬೋರ್ಡ್ ಮೇಲೆ ಬರೆದೆ: 'ದ ಸುಲ್ತಾನ್ ಬಿಲೀವ್ಡ್ ಎ ಲೆಟರ್ ದಟ್ ಗವಾನ್ ಹ್ಯಾಡ್ ನಾಟ್ ರಿಟನ್.' 'ಡಿಡ್ ನಾಟ್ ರೈಟ್' ಅಂದರೂ ಅರ್ಥವಾದೀತು, ನನಗೆ ಮಾತ್ರ ಸಡಿಲ ಅನ್ನಿಸುತ್ತದೆ.

ಈಗ ಹುಡುಗರು ಎರಡು ಕ್ರಿಯಾಪದಗಳ ಕೆಳಗೆ ಪೆನ್ಸಿಲ್‌ನಲ್ಲಿ 1, 2 ಬರೆದುಕೊಳ್ಳುತ್ತಾರೆ, ಮೊದಲು ಆದದ್ದಕ್ಕೆ 1. ಮೊನ್ನೆ ಒಬ್ಬ 'ಈಸ್' ಕೆಳಗೂ 2 ಬರೆದಿದ್ದ.