ಅಂದದ ಹುಲ್ಲು: ಗೊಬ್ಬರ ಕಮ್ಮಿ, ಕತ್ತರಿ ವರ್ಷಕ್ಕೊಮ್ಮೆ

ಸಣ್ಣ ಗಾಳಿಗೂ ತೋಟದಲ್ಲಿ ಮೊದಲು ತಲೆದೂಗುವುದು ಹುಲ್ಲು. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಪೆನ್ನಿಸೆಟಮ್ ಎಂಬ ಅಂದದ ಹುಲ್ಲಿನ ತೆನೆ ಹೊಳೆಯುವುದನ್ನು ಒಮ್ಮೆ ನೋಡಿ, ಕಣ್ಣು ಕೀಳಲು ಆಗುವುದಿಲ್ಲ.

ಸಸಿ ಕೊಳ್ಳುವಾಗಲೇ ಒಂದು ಮಾತು ಕೇಳಿಕೊಳ್ಳಿ. ಇದು ಇದ್ದಲ್ಲೇ ಗುಂಪಾಗಿ ಬೆಳೆಯುತ್ತದೋ, ನೆಲದೊಳಗೆ ಹರಡುತ್ತಾ ಹೋಗುತ್ತದೋ? ಹರಡುವಂಥದ್ದು ಕುಂಡದಲ್ಲೇ ಇರಲಿ. ಬೀಜ ಹಾರಿಸಿ ಹಬ್ಬುವ ಜಾತಿಗಳೂ ಇವೆ. ಅಂದಕ್ಕೆಂದು ತಂದ ಪಂಪಾಸ್ ಹುಲ್ಲು ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್‌ಗಳಲ್ಲಿ ಈಗ ದೊಡ್ಡ ಕಳೆ. ನಿಮ್ಮ ಕಡೆ ಕಳೆ ಎನಿಸಿಕೊಂಡಿದ್ದನ್ನು ದಯವಿಟ್ಟು ನೆಡಬೇಡಿ.

ಹೆಚ್ಚಿನ ಹುಲ್ಲುಗಳಿಗೆ ದಿನಕ್ಕೆ 6 ಗಂಟೆ ಬಿಸಿಲು, ನೀರು ನಿಲ್ಲದ ನೆಲ ಬೇಕು. ನೀಲಿ ಫೆಸ್ಕ್ಯೂ ಎಂಬ ಗಿಡ್ಡ ಹುಲ್ಲು ಒಂದಡಿ ದಾಟುವುದು ಕಡಿಮೆ, ಪಂಪಾಸ್ ಆಳೆತ್ತರ ಮೀರುತ್ತದೆ. ಎಷ್ಟು ಎತ್ತರ ಬೆಳೆಯುತ್ತದೋ ಹೆಚ್ಚುಕಮ್ಮಿ ಅಷ್ಟೇ ಅಂತರ ಬಿಡಿ. ಕುಂಡದಲ್ಲಿ ಮಣ್ಣು ಎಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಬುಡ ಹೂತುಹೋದರೆ ಕೊಳೆಯುತ್ತದೆ.

ಬೇರು ಹಿಡಿಯುವವರೆಗೆ, ಅಂದರೆ ಮೊದಲ ವರ್ಷ, ತಪ್ಪದೆ ನೀರು ಕೊಡಿ. ಗೊಬ್ಬರದ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿ ಬೆಳೆದು, ಮಳೆ ಬಂದ ಕೂಡಲೇ ಇಡೀ ಗುಂಪು ನಾಲ್ಕು ಕಡೆ ಬಾಗಿ ಬೀಳುತ್ತದೆ. ಬಡ ಮಣ್ಣಿನಲ್ಲೇ ಇದು ನೆಟ್ಟಗೆ ನಿಲ್ಲುವುದು.

ಎಲ್ಲರೂ ಹಿಂಜರಿಯುವ ಕೆಲಸ ಕತ್ತರಿಸುವುದು. ಹೆದರಬೇಡಿ. ಎಲೆ ಒಣಗುವ ಜಾತಿಗಳಲ್ಲಿ, ಹೊಸ ಚಿಗುರು ಏಳುವ ಸ್ವಲ್ಪ ಮೊದಲು, ಹುಲ್ಲನ್ನು ಹುರಿಯಿಂದ ಅದರ ನಡುಮಟ್ಟದಲ್ಲಿ ಬಿಗಿಯಾಗಿ ಕಟ್ಟಿ. ನೆಲದಿಂದ 10–15 ಸೆಂ.ಮೀ. ಬಿಟ್ಟು ಕೊಯ್ಯಿರಿ. ಕಂತೆ ಕಂತೆಯಾಗಿಯೇ ಕೈಗೆ ಬರುತ್ತದೆ, ಗುಡಿಸುವ ಕೆಲಸವೇ ಇಲ್ಲ. ಕೈಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು, ಕೆಲವು ಎಲೆಗಳ ಅಂಚು ಗರಗಸದಂತೆ ಕೊಯ್ಯುತ್ತದೆ. ತಡ ಮಾಡಿದರೆ ಹೊಸ ಚಿಗುರಿನ ತುದಿಯೂ ಕತ್ತರಿಸಿಹೋಗುತ್ತದೆ. ಫೆಸ್ಕ್ಯೂದಂಥ ಸದಾ ಹಸಿರು ಹುಲ್ಲಿಗೆ ಈ ಪಾಡು ಬೇಡ. ಬೆರಳಿನಿಂದ ಬಾಚಿ ಒಣಗಿದ್ದನ್ನಷ್ಟೇ ತೆಗೆಯಿರಿ.

ಕೆಲವು ವರ್ಷಗಳಾದ ಮೇಲೆ ಬುಡದ ನಡುಭಾಗ ಸತ್ತು ಬಳೆಯಂತೆ ಕಾಣುತ್ತದೆ, ಅಲ್ವಾ? ಆಗ ಚಿಗುರುವ ಹೊತ್ತಿಗೆ ಅಗೆದು ತೆಗೆದು, ಚೂಪಾದ ಸಲಿಕೆಯಿಂದ ಸೀಳಿ. ಹಳೆಯ ಬುಡ ಗಟ್ಟಿಯಿದ್ದರೆ ಗರಗಸವೇ ಬೇಕಾಗಬಹುದು. ನಡುವಿನದನ್ನು ಬಿಸಾಡಿ, ಅಂಚಿನ ತುಂಡುಗಳನ್ನು ಬೇರು ಒಣಗುವ ಮೊದಲೇ ನೆಟ್ಟು ನೀರು ಹಾಕಿ.